ಕಡಲ ಕಂಬಳಿ: ದೊಡ್ಡ ತೊರಕೆ ಮೀನುಗಳ ಜೀವಕ್ರಮ, ನೆಲೆ ಮತ್ತು ಹೆಸರು

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ ಮತ್ತು ಹೊಳಲ್ಕೆರೆ ತಾಲ್ಲೂಕುಗಳ ಜನಪದ ಕಥನಗಳಲ್ಲಿ ಸಮುದ್ರವು ಕಂಡ ಸಂಗತಿಯಲ್ಲ, ಕೇಳಿದ ಸಂಗತಿ. ರಾಕ್ಷಸನ ಪ್ರಾಣವನ್ನು ಅಡಗಿಸಿಟ್ಟ ಗಿಳಿ ಏಳು ಸಮುದ್ರಗಳ ಆಚೆಗಿರುತ್ತದೆ. ಅಷ್ಟನ್ನು ಹೇಳಿ ಕತೆಗಾರ್ತಿ ಮುಂದೆ ಸಾಗುತ್ತಾಳೆ. ಆ ಏಳು ಸಮುದ್ರಗಳ ಒಳಗೆ ಏನಿದೆ ಎಂದು ಕೇಳುಗರೂ ಪ್ರಶ್ನಿಸುವುದಿಲ್ಲ. ಈ ಭಾಗದಲ್ಲಿ ಮೀನೆಂದರೆ ಕೆರೆಯ ಮೀನು, ವೇದಾವತಿಯ ಮೀನು, ಇಲ್ಲವೇ 1907ರಲ್ಲಿ ಕಟ್ಟಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರದ ಮೀನು. ಇಲ್ಲಿನವರಿಗೆ ಹತ್ತಿರದ ಸಾಗರವೂ ಅದೇ.

ಹೀಗಿರುವಾಗ ಬಯಲುಸೀಮೆಯ ಜಾನಪದ ಅಧ್ಯಯನವು ಕಡಲಿನ ದೊಡ್ಡ ತೊರಕೆ ಮೀನುಗಳತ್ತ ಏಕೆ ಹೊರಳಬೇಕು ಎಂಬ ಪ್ರಶ್ನೆ ಸಹಜ. ಮೊದಲ ಉತ್ತರ ಗಾಳಿಯದು. ಜೂನ್ ತಿಂಗಳಿನಿಂದ ಚಿತ್ರದುರ್ಗದ ಜೋಗಿಮಟ್ಟಿಯ ಸಾಲಿನಲ್ಲಿ ಗಾಳಿಯಂತ್ರಗಳನ್ನು ಬಿರುಸಾಗಿ ತಿರುಗಿಸುವ ನೈರುತ್ಯ ಮಾರುತವು ತನ್ನ ನೀರನ್ನೆಲ್ಲ ಪಶ್ಚಿಮ ಘಟ್ಟದ ಆಚೆಗೇ ಸುರಿದು ಬಂದಿರುತ್ತದೆ. ಹಿರಿಯೂರು ರಾಜ್ಯದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿ ನಿಲ್ಲುವುದು ಇದರಿಂದಲೇ. ಆದರೆ ಇದೇ ಗಾಳಿ ಅರಬ್ಬಿ ಸಮುದ್ರದ ಮೇಲೆ ಬೀಸುವಾಗ ಕರಾವಳಿಯ ಮೇಲುನೀರನ್ನು ದೂರ ತಳ್ಳುತ್ತದೆ. ಆ ತೆರವಿಗೆ ಆಳದ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲೇಳುತ್ತದೆ. ಅದರಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳೂ ಅವನ್ನು ತಿನ್ನುವ ಸಣ್ಣ ಪ್ರಾಣಿಗಳೂ ಹುಲುಸಾಗಿ ಬೆಳೆಯುತ್ತವೆ. ವಿಜ್ಞಾನಿಗಳು ಪ್ಲವಕವೆಂದು ಕರೆಯುವ ಈ ಜೀವರಾಶಿಯೇ ಬೂತಾಯಿ, ಬಂಗುಡೆಗಳ ಆಹಾರ, ಮತ್ತು ದೊಡ್ಡ ತೊರಕೆಗಳ ಆಹಾರ. ನಮ್ಮಲ್ಲಿ ಬರಗಾಲವಾಗುವ ಗಾಳಿ ಅಲ್ಲಿ ಸುಗ್ಗಿಯಾಗುತ್ತದೆ.

ಇನ್ನೊಂದು ಉತ್ತರ ನೆಲದ್ದು, ಇದನ್ನು ಒಂದು ಉಪಕಥೆಯೆಂದು ಬೇಕಾದರೆ ಭಾವಿಸಬಹುದು. ಐಮಂಗಲದ ಸಮೀಪದ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಒಂದರ ಮೇಲೊಂದು ಒಟ್ಟಿದಂತೆ ಕಾಣುವ ಬಂಡೆಗಳಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಗುರುತಿಸಿರುವ ಈ ಶಿಲೆ, ಸುಮಾರು 250 ಕೋಟಿ ವರ್ಷಗಳ ಹಿಂದೆ ನೀರಿನ ಅಡಿಯಲ್ಲಿ ಹೊಮ್ಮಿದ ಲಾವಾರಸವು ಹೊರಮೈ ಥಟ್ಟನೆ ಆರಿ ದಿಂಬಿನಾಕಾರ ತಳೆದುದರ ಫಲ. ಅಂದರೆ ದುರ್ಗದ ನೆಲವೂ ಒಮ್ಮೆ ನೀರಿನಡಿಯಲ್ಲಿದ್ದ ನೆಲ. ಆಗ ಆ ನೀರಿನಲ್ಲಿ ತೊರಕೆ ಇರಲಿಲ್ಲ, ಯಾವ ಮೀನೂ ಇರಲಿಲ್ಲ. ತೊರಕೆಗಳ ವಂಶದ ಹಳೆಯ ಅವಶೇಷಗಳು ಇಪ್ಪತ್ತು ಕೋಟಿ ವರ್ಷಗಳ ಆಸುಪಾಸಿಗೆ ಸೇರುತ್ತವೆ. ಮರಡಿಹಳ್ಳಿಯ ಕಲ್ಲಿನ ಮುಂದೆ ಅದು ನಿನ್ನೆಯ ಮಾತು. ಮನುಷ್ಯನ ಮುಂದೆ ಲೆಕ್ಕಕ್ಕೆ ಸಿಗದಷ್ಟು ಹಳೆಯದು.

ಮೂರನೆಯ ಉತ್ತರವೇ ಪ್ರಸ್ತುತ ಲೇಖನದ ವಿಷಯ. ಈ ಮೀನಿನ ಅಳಿವು ಉಳಿವುಗಳು ಇಂದು ಅದರ ಜೀವಕ್ರಮವನ್ನು ಅವಲಂಬಿಸಿರುವಷ್ಟೇ, ಮನುಷ್ಯರು ಅದಕ್ಕೆ ಇಟ್ಟ ಹೆಸರು ಮತ್ತು ಅದರ ಸುತ್ತ ಕಟ್ಟಿದ ನಂಬಿಕೆಗಳನ್ನೂ ಅವಲಂಬಿಸಿವೆ. ಹೆಸರು ಮತ್ತು ನಂಬಿಕೆ ಜಾನಪದದ ಕ್ಷೇತ್ರವಾದ್ದರಿಂದ ಇದನ್ನು ಜೀವವಿಜ್ಞಾನಿಗಳಿಗೆ ಮಾತ್ರ ಬಿಟ್ಟುಕೊಡಲಾಗದು.

ತೊರಕೆ ಎಂಬ ಕುಲ

ಕನ್ನಡ ಮತ್ತು ತುಳು ಕರಾವಳಿಯಲ್ಲಿ 'ತೊರಕೆ' ಎಂಬುದು ಒಂದು ಮೀನಿನ ಹೆಸರಲ್ಲ, ಒಂದು ಕುಲದ ಹೆಸರು. ತಮಿಳಿನಲ್ಲಿ ಇದು ತಿರುಕ್ಕೈ, ಮಲಯಾಳದಲ್ಲಿ ತಿರಂಡಿ, ಮರಾಠಿಯಲ್ಲಿ ಪಾಕಟ್. ಜಗತ್ತಿನಲ್ಲಿ ಈ ಕುಲದ ಆರುನೂರಕ್ಕೂ ಹೆಚ್ಚು ಪ್ರಭೇದಗಳನ್ನು ಗುರುತಿಸಲಾಗಿದೆ. ಇವು ಶಾರ್ಕಿನ ದಾಯಾದಿಗಳು. ಎರಡರಲ್ಲಿಯೂ ಗಟ್ಟಿ ಮೂಳೆಯಿಲ್ಲ. ನಮ್ಮ ಕಿವಿಯ ಹಾಲೆಯಲ್ಲಿರುವಂತಹ ಮೃದ್ವಸ್ಥಿಯಿಂದಲೇ ಇಡೀ ಅಸ್ಥಿಪಂಜರ ರಚಿತವಾಗಿದೆ. ಶಾರ್ಕನ್ನು ಮೇಲಿನಿಂದ ಒತ್ತಿ ಚಪ್ಪಟೆ ಮಾಡಿ, ಎದೆಯ ಈಜುರೆಕ್ಕೆಗಳನ್ನು ಎರಡೂ ಕಡೆ ಹಿಗ್ಗಿಸಿ ತಲೆಗೆ ಕೂಡಿಸಿದರೆ ತೊರಕೆಯ ರೂಪ ಬರುತ್ತದೆ. ಕಣ್ಣು ಮೇಲ್ಭಾಗದಲ್ಲಿ, ಕಿವಿರಿನ ಐದು ಜೊತೆ ಸೀಳುಗಳು ಅಡಿಯಲ್ಲಿ.

ಈ ಕುಲದ ಬದುಕು ಎರಡು ದಾರಿಗಳಲ್ಲಿ ಕವಲೊಡೆದಿದೆ. ಹೆಚ್ಚಿನವು ತಳವಾಸಿಗಳು. ಮರಳಿನಲ್ಲಿ ಮೈ ಹುದುಗಿಸಿ ಮಲಗುತ್ತವೆ. ಬಾಯಿ ಮರಳಿನೊಳಗೆ ಇರುವುದರಿಂದ ಕಣ್ಣಿನ ಹಿಂದಿರುವ ರಂಧ್ರಗಳ ಮೂಲಕ ನೀರೆಳೆದು ಉಸಿರಾಡುತ್ತವೆ. ಏಡಿ, ಚಿಪ್ಪುಜೀವಿಗಳನ್ನು ಚಪ್ಪಟೆ ಹಲ್ಲುಗಳಿಂದ ಅರೆದು ತಿನ್ನುತ್ತವೆ. ಚಾವಟಿಯಂತಹ ಬಾಲದ ಮೇಲೆ ಗರಗಸದ ಅಂಚಿನ ವಿಷಮುಳ್ಳು ಇರುವುದು ಇವುಗಳಲ್ಲಿ ಹಲವಕ್ಕೆ. ಒಣಗಿಸಿದ ಈ ಬಾಲವೇ ಕೇರಳದಲ್ಲಿ 'ತಿರಂಡಿವಾಲು' ಎಂಬ ಹೆಸರಿನಿಂದ ಶಿಕ್ಷೆಯ ಚಾವಟಿಯಾಗಿ ಕುಖ್ಯಾತವಾಯಿತು. ಮೀನಿನ ಆತ್ಮರಕ್ಷಣೆಯ ಅಂಗವನ್ನು ಮನುಷ್ಯ ಮನುಷ್ಯನ ಮೇಲಿನ ದಬ್ಬಾಳಿಕೆಗೆ ಬಳಸಿದ ಈ ಚರಿತ್ರೆ ಪ್ರತ್ಯೇಕ ಲೇಖನಕ್ಕೆ ಅರ್ಹವಾದುದು.

ಎರಡನೆಯ ದಾರಿ ತಳವನ್ನು ಬಿಟ್ಟು ತೆರೆದ ನೀರಿಗೆ ಏರಿದವುಗಳದ್ದು. ಎದೆಯ ರೆಕ್ಕೆಗಳನ್ನು ಹಕ್ಕಿಯಂತೆ ಬಡಿಯುತ್ತ ಇವು ನೀರಿನಲ್ಲಿ ಹಾರುತ್ತವೆ ಎಂದೇ ಹೇಳಬೇಕು. ಇವುಗಳ ತುತ್ತತುದಿಯಲ್ಲಿರುವುದು ಕೊಂಬಿನ ತೊರಕೆಗಳ ಬಳಗ, ವಿಜ್ಞಾನದಲ್ಲಿ 'ಮೊಬುಲಾ'. ಇದರ ಅತಿ ದೊಡ್ಡ ಸದಸ್ಯ ಸಾಗರದ ಮಾಂಟಾ. ರೆಕ್ಕೆಯ ಒಂದು ತುದಿಯಿಂದ ಇನ್ನೊಂದು ತುದಿಗೆ ಸಾಮಾನ್ಯವಾಗಿ ನಾಲ್ಕೈದು ಮೀಟರ್, ಗರಿಷ್ಠ ಸುಮಾರು ಏಳು ಮೀಟರ್ ಅಗಲ. ನಮ್ಮ ಕಡೆಯ ತೊಟ್ಟಿಮನೆಯ ಅಂಗಳದಲ್ಲಿ ಅದನ್ನು ಹರಡಿದರೆ ಜಗುಲಿಯವರೆಗೂ ಬಂದೀತು.

ಹವಳದಿಬ್ಬಗಳ ಹತ್ತಿರ ವಾಸಿಸುವ ಸ್ವಲ್ಪ ಚಿಕ್ಕ ಮಾಂಟಾ ಬೇರೆಯೇ ಪ್ರಭೇದ ಎಂಬುದು ಖಚಿತವಾದದ್ದು 2009ರಲ್ಲಿ. 2017ರಲ್ಲಿ ವಂಶವಾಹಿ ಅಧ್ಯಯನಗಳ ಆಧಾರದ ಮೇಲೆ 'ಮಾಂಟಾ' ಎಂಬ ಪ್ರತ್ಯೇಕ ಜಾತಿಯನ್ನೇ ಕೈಬಿಟ್ಟು ಎಲ್ಲವನ್ನೂ ಮೊಬುಲಾದಲ್ಲಿ ಸೇರಿಸಲಾಯಿತು. 2025ರಲ್ಲಿ ಅಟ್ಲಾಂಟಿಕ್ ಸಾಗರದ ಮೂರನೆಯ ಮಾಂಟಾ ಪ್ರಭೇದಕ್ಕೆ ಹೆಸರಿಡಲಾಯಿತು. ಇಷ್ಟು ದೊಡ್ಡ ಪ್ರಾಣಿಯ ವರ್ಗೀಕರಣ ನಮ್ಮ ಕಾಲದಲ್ಲಿಯೂ ಮುಗಿದಿಲ್ಲ.

ದೆವ್ವ, ಕಂಬಳಿ, ಆನೆ

1792ರಲ್ಲಿ ವಾಲ್‌ಬೌಮ್ ಎಂಬ ಜರ್ಮನ್ ವಿದ್ವಾಂಸ ಸಾಗರದ ಮಾಂಟಾಕ್ಕೆ ಕೊಟ್ಟ ವೈಜ್ಞಾನಿಕ ಹೆಸರಿನ ಅರ್ಥ 'ಎರಡು ಕೊಕ್ಕಿನದು'. ತಲೆಯ ಎರಡೂ ಕಡೆ ಮುಂಚಾಚಿದ ಅಂಗಗಳನ್ನು ಕಂಡು ಬಂದ ಹೆಸರದು. ಅದೇ ಅಂಗಗಳನ್ನು ಇಂಗ್ಲಿಷ್ ನಾವಿಕರು ಸೈತಾನನ ಕೊಂಬುಗಳೆಂದು ತಿಳಿದು 'ದೆವ್ವ ಮೀನು' ಎಂದರು. ಲಂಗರಿನ ಹಗ್ಗವನ್ನು ಹಿಡಿದು ದೋಣಿಯನ್ನೇ ಎಳೆದೊಯ್ಯುತ್ತದೆಂಬ ಕತೆಗಳು ಹುಟ್ಟಿಕೊಂಡವು. ಕತೆಗೆ ಆಧಾರವಿಲ್ಲದೆ ಇಲ್ಲ. ಮಾಂಟಾ ಹಿಂದಕ್ಕೆ ಈಜಲಾರದು. ತಲೆಗೆ ಹಗ್ಗ ತಾಗಿದರೆ ಮುಂದೆ ಮುಂದೆ ನುಗ್ಗಿ ಇನ್ನಷ್ಟು ಸಿಕ್ಕಿಕೊಳ್ಳುತ್ತದೆ. ಪ್ರಾಣಿಯ ಅಸಹಾಯಕತೆಯನ್ನು ಭಯಗೊಂಡವರು ದಾಳಿಯೆಂದು ಓದಿಕೊಂಡರು. ವಾಸ್ತವದಲ್ಲಿ ಮಾಂಟಾಕ್ಕೆ ಕುಟುಕುವ ಮುಳ್ಳಿಲ್ಲ, ಕಚ್ಚುವ ಹಲ್ಲಿಲ್ಲ.

ಸ್ಪೇನಿನ ಭಾಷೆಯಲ್ಲಿ 'ಮಾಂಟಾ' ಎಂದರೆ ಹೊದಿಕೆ, ಕಂಬಳಿ. ಚಳ್ಳಕೆರೆಯ ಕಂಬಳಿ ಸಂತೆಯನ್ನು ಕಂಡವರಿಗೆ ಈ ಹೆಸರು ತಟ್ಟನೆ ಹಿಡಿಸೀತು. ಕಪ್ಪು ಬೆನ್ನು, ಬೆಳ್ಳನೆಯ ಹೊಟ್ಟೆ, ಅಂಚು ಗಾಳಿಗೆ ಎದ್ದಂತೆ ಎದ್ದು ಬೀಳುವ ರೆಕ್ಕೆ. ಕುರುಬರು ಹೆಗಲಿನಿಂದ ಕೊಡವಿ ಹರಡಿದ ಕರಿಕಂಬಳಿಯ ಚಲನೆಯೇ ಅದು. ಒಂದು ಸಮುದಾಯ ಹೊಸ ಪ್ರಾಣಿಯನ್ನು ತನ್ನ ಮನೆಯ ವಸ್ತುವಿನ ಮೂಲಕ ಅರಿಯುವ ಕ್ರಮ ಎಲ್ಲೆಡೆಯೂ ಒಂದೇ.

ತಮಿಳು ಕರಾವಳಿಯವರು ಈ ಬಳಗವನ್ನು 'ಕೊಂಬು ತಿರುಕ್ಕೈ' ಎಂದೂ 'ಆನೈ ತಿರುಕ್ಕೈ' ಎಂದೂ ಕರೆಯುತ್ತಾರೆ. ಮಲಯಾಳದಲ್ಲಿಯೂ 'ಆನ' ಸೇರಿದ ಹೆಸರೇ ಇದೆ. ಗಾತ್ರಕ್ಕಾಗಿ ಇಟ್ಟ ಹೆಸರು ಇದೆಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಮುಂದೆ ವಿವರಿಸಲಿರುವ ಸಂತಾನಕ್ರಮವನ್ನು ಗಮನಿಸಿದರೆ, ಮೂರು ಹೆಸರುಗಳಲ್ಲಿ ಪ್ರಾಣಿಯ ಸ್ವಭಾವಕ್ಕೆ ಅತ್ಯಂತ ಹತ್ತಿರ ಬಂದದ್ದು ಈ ಆನೆಯ ಹೆಸರೇ ಎಂಬುದು ನನ್ನ ಅಭಿಪ್ರಾಯ.

ಜರಡಿಯಲ್ಲ, ಮೊರ

ಕೊಂಬೆಂದು ಭಾವಿಸಲಾದ ಅಂಗ ನಿಜವಾಗಿ ತಲೆಯ ಈಜುರೆಕ್ಕೆ. ಈಜುವಾಗ ಸುರುಳಿ ಸುತ್ತಿಕೊಂಡು ಕೊಂಬಿನಂತೆ ಕಾಣುತ್ತದೆ. ಆಹಾರ ಸಿಕ್ಕಾಗ ಬಿಚ್ಚಿಕೊಂಡು, ನೀರನ್ನು ಅಗಲವಾದ ಬಾಯಿಗೆ ಊಡುವ ಸೌಟಾಗುತ್ತದೆ. ಬಾಯಿಯಿಂದ ಒಳಹೊಕ್ಕ ನೀರು ಕಿವಿರಿನ ಮುಂದಿರುವ ಗರಿಯಂತಹ ಫಲಕಗಳನ್ನು ಹಾದು ಹೊರಹೋಗುತ್ತದೆ, ಪ್ಲವಕ ಒಳಗೆ ಉಳಿಯುತ್ತದೆ.

ಈ ಸೋಸುವಿಕೆಯನ್ನು ಬಹುಕಾಲ ಜರಡಿಯ ಕ್ರಿಯೆಯೆಂದೇ ತಿಳಿಯಲಾಗಿತ್ತು. ಆದರೆ ಮಾಂಟಾ ನುಂಗುವ ಜೀವಿಗಳಲ್ಲಿ ಬಹಳಷ್ಟು ಆ ಫಲಕಗಳ ಸಂದಿಗಿಂತ ಚಿಕ್ಕವು. ಜರಡಿಯಾಗಿದ್ದರೆ ಅವು ಸೋರಿಹೋಗಬೇಕಿತ್ತು. ದೊಡ್ಡವು ಕಣ್ಣುಗಳನ್ನು ಮುಚ್ಚಿ ಜರಡಿ ಕಟ್ಟಿಕೊಳ್ಳಬೇಕಿತ್ತು. 2018ರಲ್ಲಿ ಪ್ರಕಟವಾದ ಸಂಶೋಧನೆ ಈ ಒಗಟನ್ನು ಬಿಡಿಸಿತು. ನೀರು ಫಲಕದ ಹಾಲೆಗಳ ಮೇಲೆ ರಭಸದಿಂದ ಹರಿಯುವಾಗ ಸಂದಿಗಳಲ್ಲಿ ಸಣ್ಣ ಸುಳಿಗಳೇಳುತ್ತವೆ. ನೀರು ಹಠಾತ್ತನೆ ತಿರುಗಿ ಸಂದಿಯೊಳಗೆ ಇಳಿಯುತ್ತದೆ, ಕಣವು ಹಾಗೆ ತಿರುಗಲಾರದೆ ಹಾಲೆಗೆ ತಾಗಿ ಪುಟಿದು ಗಂಟಲಿನತ್ತ ಸಾಗುತ್ತದೆ. ನಮ್ಮ ಕಣದ ಭಾಷೆಯಲ್ಲಿ ಹೇಳುವುದಾದರೆ ಇದು ಜರಡಿ ಹಿಡಿಯುವುದಲ್ಲ, ಮೊರದಲ್ಲಿ ಕೇರುವುದು. ಕೇರುವ ಹೆಂಗಸಿನ ಮೊರಕ್ಕೆ ತೂತಿಲ್ಲ. ಕಾಳು ಮತ್ತು ಹೊಟ್ಟು ಬೇರ್ಪಡುವುದು ಚಲನೆಯಿಂದ. ಮೊರ ಕಟ್ಟಿಕೊಳ್ಳುವುದೂ ಇಲ್ಲ. ಈ ತತ್ತ್ವವನ್ನು ಕೊಳಕು ನೀರಿನ ಶುದ್ಧೀಕರಣಕ್ಕೆ ಬಳಸಬಹುದೆಂದು ತಂತ್ರಜ್ಞರು ಆಲೋಚಿಸುತ್ತಿದ್ದಾರೆ.

ಇದಕ್ಕೆ ಮಾಂಟಾ ತೆರುವ ಬೆಲೆಯೆಂದರೆ ನಿಲ್ಲದ ನಡಿಗೆ. ತಳವಾಸಿ ತೊರಕೆಗಳಂತೆ ಅದು ಮಲಗಿ ಉಸಿರಾಡಲಾರದು. ಮುಂದೆ ಚಲಿಸುತ್ತಿದ್ದರೆ ಮಾತ್ರ ಕಿವಿರಿನ ಮೇಲೆ ನೀರು ಹರಿಯುತ್ತದೆ. ಬಲೆಯಲ್ಲಿ ಸಿಕ್ಕು ನಿಂತರೆ ನೀರಿನೊಳಗೇ ಉಸಿರುಗಟ್ಟುತ್ತದೆ. ಮೀನುಗಾರನು ಬಲೆಯೆತ್ತುವ ಮೊದಲೇ ಅನೇಕವು ಸತ್ತಿರುವುದಕ್ಕೆ ಕಾರಣ ಇದು.

ಇದರ ನೆಲೆಯನ್ನು ಒಂದು ಊರಿನಂತೆ ಗುರುತಿಸಲಾಗದು. ಉಷ್ಣವಲಯ ಮತ್ತು ಅದರ ಅಂಚಿನ ಸಾಗರಗಳೆಲ್ಲ ಇದರ ಸೀಮೆ. ಪ್ಲವಕ ಎಲ್ಲಿ ದಟ್ಟವಾಗುತ್ತದೋ ಅಲ್ಲಿ ಬೀಡು. ಕುರಿಮಂದೆಯೊಂದಿಗೆ ಮೇವನ್ನು ಅರಸಿ ಹೊರಡುವವರ ಹಾದಿಯಂತೆ ಇದೂ ಋತುವಿನ ಹಾದಿ. ಮಾಲ್ಡೀವ್ಸ್‌ನ ಬಾ ಹವಳದ್ವೀಪದ ಹನಿಫರು ಕೊಲ್ಲಿಯಲ್ಲಿ ನೈರುತ್ಯ ಮಾರುತದ ತಿಂಗಳುಗಳಲ್ಲಿ, ನೀರಿನ ಸೆಳೆತಕ್ಕೆ ಪ್ಲವಕ ಒತ್ತೊತ್ತಾಗಿ ತುಂಬಿದಾಗ, ಹವಳದಿಬ್ಬದ ಮಾಂಟಾಗಳು ಹಿಂಡುಹಿಂಡಾಗಿ ಸೇರಿ ಸುತ್ತು ಹಾಕುತ್ತ ಮೇಯುತ್ತವೆ. 2009ರಲ್ಲಿ ಆ ಕೊಲ್ಲಿ ಸಂರಕ್ಷಿತ ಪ್ರದೇಶವಾಯಿತು. 2011ರಲ್ಲಿ ಬಾ ಹವಳದ್ವೀಪ ಯುನೆಸ್ಕೋದ ಜೀವಗೋಲ ಪಟ್ಟಿಗೆ ಸೇರಿತು. ಪ್ರತಿ ಮಾಂಟಾದ ಹೊಟ್ಟೆಯ ಮೇಲಿನ ಚುಕ್ಕೆಗಳ ವಿನ್ಯಾಸ ಬೇರೆಯಾದ್ದರಿಂದ, ಛಾಯಾಚಿತ್ರಗಳ ನೆರವಿನಿಂದ ಅಲ್ಲಿ ಸಾವಿರಾರು ಮಾಂಟಾಗಳನ್ನು ಒಂದೊಂದಾಗಿ ಗುರುತಿಸಿ ದಾಖಲಿಸಲಾಗಿದೆ. ದನದ ಮಚ್ಚೆ ನೋಡಿ ಯಾರ ಮನೆಯದೆಂದು ಹೇಳುವ ಗೋವಳನ ಜಾಣ್ಮೆಯೇ ಅಲ್ಲಿ ವಿಧಾನವಾಗಿದೆ.

ನೆಲೆಗೆ ಅಗಲವಿರುವಂತೆ ಆಳವೂ ಇದೆ. ಮಾಂಟಾದ ಸೋದರ ಪ್ರಭೇದವಾದ ಕುಡುಗೋಲು ರೆಕ್ಕೆಯ ಮೊಬುಲಾ ಸುಮಾರು ಎರಡು ಕಿಲೋಮೀಟರ್ ಆಳಕ್ಕೆ ಇಳಿಯುತ್ತದೆಂದು 2014ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಬೆಳಕಿಲ್ಲದ, ಕೊರೆಯುವ ಆ ಚಳಿಯಲ್ಲಿ ಮಿದುಳನ್ನು ಬೆಚ್ಚಗಿಡಲು ಈ ಬಳಗಕ್ಕೆ ರಕ್ತನಾಳಗಳ ಒಂದು ಜಾಲವಿದೆ. ಮೀನುಗಳಲ್ಲಿ ಅತಿ ದೊಡ್ಡ ಮಿದುಳು ಮಾಂಟಾದ್ದು. ಕನ್ನಡಿಯಲ್ಲಿ ತನ್ನನ್ನು ತಾನು ಗುರುತಿಸುತ್ತದೆಯೇ ಎಂಬ ಪ್ರಯೋಗವೂ ನಡೆದಿದೆ, ಅದರ ಫಲಿತಾಂಶದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ.

ಈಗ ಸಂತಾನದ ವಿಷಯ. ವಾಣಿವಿಲಾಸ ಸಾಗರದಲ್ಲಿ ಬಿಡುವ ಕಾಟ್ಲಾ ಮೀನಿನ ಒಂದು ಹೆಣ್ಣು ಒಂದು ಮಳೆಗಾಲದಲ್ಲಿ ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಮಾಂಟಾ ಮೊಟ್ಟೆ ಇಡುವುದಿಲ್ಲ. ಸುಮಾರು ಒಂದು ವರ್ಷ ಗರ್ಭ ಧರಿಸಿ, ಗರ್ಭದೊಳಗೆ ಸ್ರವಿಸುವ ಹಾಲಿನಂತಹ ದ್ರವದಿಂದ ಮರಿಯನ್ನು ಬೆಳೆಸಿ, ಬಹುಮಟ್ಟಿಗೆ ಒಂದೇ ಒಂದು ಮರಿಯನ್ನು ಹೆರುತ್ತದೆ. ಹುಟ್ಟುವಾಗಲೇ ಮರಿಯ ಅಗಲ ಒಂದು ಮೀಟರಿಗಿಂತ ಹೆಚ್ಚು. ಮುಂದಿನ ಮರಿಗೆ ಎರಡರಿಂದ ಐದು ವರ್ಷ, ಕೆಲವೊಮ್ಮೆ ಇನ್ನೂ ಹೆಚ್ಚು ಕಾಲ ಬೇಕು. ನಲವತ್ತು ವರ್ಷ ಬದುಕಬಲ್ಲ ತಾಯಿ ಜೀವಮಾನದಲ್ಲಿ ಹೆರುವುದು ಬೆರಳೆಣಿಕೆಯ ಮರಿಗಳನ್ನು. ಆನೆಯ ಲೆಕ್ಕವೂ ಹೆಚ್ಚುಕಡಿಮೆ ಇದೇ. ಮೀನಿನ ರೂಪದಲ್ಲಿದ್ದರೂ ಇದು ಬೂತಾಯಿಯಂತೆ ಮರುವರ್ಷ ತುಂಬಿಕೊಳ್ಳುವ ಸಂಪತ್ತಲ್ಲ. ಒಂದು ಗರ್ಭಿಣಿ ಮಾಂಟಾ ಸತ್ತರೆ ಆ ತೆರವು ತುಂಬಲು ಒಂದು ತಲೆಮಾರು ಬೇಕು.

ಮಲ್ಪೆಯಿಂದ ಗುವಾಂಗ್‌ಝೌವರೆಗೆ

2020ರ ಅಕ್ಟೋಬರ್‌ನಲ್ಲಿ ಮಲ್ಪೆಯ ಮೀನುಗಾರರ ಬಲೆಗೆ ಎರಡು ಭಾರಿ ಮಾಂಟಾಗಳು ಸಿಕ್ಕ ಸುದ್ದಿ ಪತ್ರಿಕೆಗಳಲ್ಲಿ ಬಂತು. ಒಂದರ ತೂಕ ಸುಮಾರು 750 ಕಿಲೋ, ಇನ್ನೊಂದರದು 250 ಕಿಲೋ. ಕ್ರೇನಿನಿಂದ ಎತ್ತುವ ಚಿತ್ರಗಳು ಬಯಲುಸೀಮೆಯ ಮೊಬೈಲುಗಳಿಗೂ ತಲುಪಿದವು. ಅದೇ ವರ್ಷದ ಕೊನೆಗೆ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ತನ್ನ ಕೆಂಪುಪಟ್ಟಿಯಲ್ಲಿ ಸಾಗರದ ಮಾಂಟಾವನ್ನು ಅಳಿವಿನಂಚಿನ ಪ್ರಾಣಿಗಳ ಸಾಲಿಗೆ ಏರಿಸಿತು. ಮೊದಲ ಸುದ್ದಿ ಓಡಾಡಿದಷ್ಟು ಎರಡನೆಯದು ಓಡಾಡಲಿಲ್ಲ.

ಇದರಲ್ಲಿ ಮೀನುಗಾರರನ್ನು ದೂರುವುದು ಸರಿಯಲ್ಲ. ಕರ್ನಾಟಕ ಕರಾವಳಿಯ ಮೊಗವೀರರಾಗಲಿ ಖಾರ್ವಿಗಳಾಗಲಿ ಮಾಂಟಾವನ್ನು ಅರಸಿ ಹೊರಡುವವರಲ್ಲ. ದಡದಿಂದ ಎಳೆಯುವ ರಂಪಣಿ ಬಲೆಯ ಕಾಲದಲ್ಲಿ ಆಳಸಮುದ್ರದ ಈ ಪ್ರಾಣಿಗೂ ಅವರಿಗೂ ಭೇಟಿಯೇ ಅಪರೂಪವಾಗಿದ್ದಿರಬೇಕು. 1970ರ ದಶಕದ ನಡುವಿನಲ್ಲಿ ಪರ್ಸೀನ್ ಬಲೆಗಳು ಬಂದು ರಂಪಣಿ ಹಿಂದೆ ಸರಿಯಿತು. ಯಾಂತ್ರಿಕ ದೋಣಿಗಳು ದೂರ ಹೋಗತೊಡಗಿದವು. ಕೇದಾರದಂತಹ ದೊಡ್ಡ ಮೀನುಗಳಿಗೆ ಬಿಟ್ಟ ಬಲೆಗೆ, ಅದೇ ನೀರಿನಲ್ಲಿ ಮೇಯುವ ಕೊಂಬಿನ ತೊರಕೆಗಳೂ ಬೀಳತೊಡಗಿದವು. ಜೂನ್ ಮತ್ತು ಜುಲೈ ತಿಂಗಳ 61 ದಿನಗಳ ಯಾಂತ್ರಿಕ ಮೀನುಗಾರಿಕೆ ನಿಷೇಧ ಬೂತಾಯಿ, ಬಂಗುಡೆಗಳ ಸಂತಾನಕ್ಕೆ ಬಿಡುವು ಕೊಡಬಹುದು. ವರ್ಷವಿಡೀ ಗರ್ಭ ಹೊರುವ ಪ್ರಾಣಿಗೆ ಆ ಬಿಡುವು ಸಾಲದು.

ಸಿಕ್ಕಿದ ಮೀನನ್ನು ಬಿಡದೆ ದಡಕ್ಕೆ ತರುವಂತೆ ಮಾಡುವುದು ಬೆಲೆ. ಮಾಂಸಕ್ಕೆ ದೊರೆಯುವ ಬೆಲೆ ಹೆಚ್ಚಿನದಲ್ಲ. ಅದು ಬಹುಪಾಲು ಉಪ್ಪು ಹಾಕಿದ ಒಣಮೀನಾಗಿ ಮಾರಾಟವಾಗುತ್ತದೆ. ಬೆಲೆ ಇರುವುದು ಕಿವಿರಿನ ಫಲಕಕ್ಕೆ, ಮೇಲೆ ವಿವರಿಸಿದ ಅದೇ ಮೊರಕ್ಕೆ. ಒಣಗಿಸಿದ ಫಲಕಗಳ ಮುಖ್ಯ ಮಾರುಕಟ್ಟೆ ದಕ್ಷಿಣ ಚೀನಾದ ಗುವಾಂಗ್‌ಝೌ. ಅಲ್ಲಿ ಅದನ್ನು ಸಾರಿನಲ್ಲಿ ಬೇಯಿಸಿ ಕುಡಿದರೆ ರಕ್ತ ಶುದ್ಧಿಯಾಗುತ್ತದೆ, ಕಫ ಕರಗುತ್ತದೆ, ದೇಹದ ನಂಜು ಇಳಿಯುತ್ತದೆ ಎಂದು ಮಾರುವವರು ಹೇಳುತ್ತಾರೆ.

ಇಲ್ಲಿ ಜಾನಪದ ಅಧ್ಯಯನವು ಮಾತನಾಡಲೇಬೇಕು. ಮೀನು ನೀರನ್ನು ಸೋಸುತ್ತದೆ, ಆದ್ದರಿಂದ ಅದರ ಸೋಸುವ ಅಂಗ ಮನುಷ್ಯನ ರಕ್ತವನ್ನೂ ಸೋಸುತ್ತದೆ ಎಂಬ ತರ್ಕ ಜೇಮ್ಸ್ ಫ್ರೇಜರ್ ವಿವರಿಸಿದ ಸಾದೃಶ್ಯ ಮಾಂತ್ರಿಕತೆಯ ಶುದ್ಧ ನಿದರ್ಶನ. ಅಂತಹ ತರ್ಕ ನಮ್ಮ ಹಳ್ಳಿಮದ್ದುಗಳಲ್ಲಿಯೂ ಇದೆ, ಅಷ್ಟರಿಂದಲೇ ಅದನ್ನು ತಿರಸ್ಕರಿಸಬೇಕಾಗಿಲ್ಲ. ಗಮನಿಸಬೇಕಾದುದು ಬೇರೆ. ಚೀನೀ ವೈದ್ಯದ ಹಳೆಯ ಪ್ರಮಾಣ ಗ್ರಂಥಗಳಲ್ಲಿ ಈ ಫಲಕಕ್ಕೆ ನೆಲೆಯಿಲ್ಲವೆಂದು ಅಲ್ಲಿ ವಿಚಾರಿಸಿದ ಸಂಶೋಧಕರಿಗೆ ವೈದ್ಯರೇ ತಿಳಿಸಿದ್ದಾರೆ. ಬೇಡಿಕೆ ಬೆಳೆದದ್ದು ಕೆಲವೇ ದಶಕಗಳ ಈಚೆಗೆ, ವ್ಯಾಪಾರಿಗಳ ಪ್ರಚಾರದಿಂದ. ಫಲಕಗಳಲ್ಲಿ ಆರ್ಸೆನಿಕ್, ಕ್ಯಾಡ್ಮಿಯಂನಂತಹ ವಿಷಲೋಹಗಳು ಪತ್ತೆಯಾಗಿವೆ. ನಂಜು ತೆಗೆಯುವ ಮದ್ದಿನಲ್ಲಿಯೇ ನಂಜು. 1950ರಲ್ಲಿ ರಿಚರ್ಡ್ ಡಾರ್ಸನ್ ಯಾವುದನ್ನು ಹುಸಿ ಜಾನಪದವೆಂದು ಕರೆದರೋ ಅದರ ಇಷ್ಟು ನಿಚ್ಚಳ ಉದಾಹರಣೆ ಸಿಗುವುದು ವಿರಳ. ನಿಜವಾದ ಪರಂಪರೆಗೆ ಕಾಲದಿಂದ ಬಂದ ಕಟ್ಟಳೆಗಳಿರುತ್ತವೆ: ಯಾವ ಗಿಡವನ್ನು ಯಾವ ದಿನ ಕೀಳಬಾರದು, ಬೇರು ಎಷ್ಟು ಉಳಿಸಬೇಕು, ಯಾವ ಮಡುವಿನಲ್ಲಿ ಮೀನು ಹಿಡಿಯಬಾರದು. ಮಾರುಕಟ್ಟೆ ಸೃಷ್ಟಿಸಿದ ಪರಂಪರೆಗೆ ಅಂತಹ ಕಟ್ಟಳೆಯಿಲ್ಲ, ಸರಕು ತೀರುವುದೊಂದೇ ಅದರ ಮಿತಿ. 'ಪುರಾತನ ಜ್ಞಾನ' ಎಂಬ ಪಟ್ಟಿ ಅಂಟಿಸಿಕೊಂಡು ಬಂದುದನ್ನೆಲ್ಲ ಸಂಗ್ರಹಿಸಿ ಹೊಗಳುವ ಅಭ್ಯಾಸ ನಮ್ಮ ಕ್ಷೇತ್ರದಲ್ಲಿಯೂ ಇಲ್ಲದಿಲ್ಲ.

ವ್ಯಾಪಾರಕ್ಕೆ ಕಡಿವಾಣ ನಿಧಾನವಾಗಿ ಬಿದ್ದಿದೆ. ಭಾರತದಲ್ಲಿ 2001ರಲ್ಲಿಯೇ ಗರಗಸ ಮೀನು ಮತ್ತು ಮುಳ್ಳುಮೈಯ ತೊರಕೆ ಸೇರಿದಂತೆ ಕೆಲವು ಮೃದ್ವಸ್ಥಿ ಮೀನುಗಳನ್ನು ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಗೆ ಸೇರಿಸಲಾಯಿತು, ಆಗ ಕೊಂಬಿನ ತೊರಕೆಗಳು ಆ ಪಟ್ಟಿಯಲ್ಲಿರಲಿಲ್ಲ. ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದವು 2013ರಲ್ಲಿ ಬ್ಯಾಂಕಾಕಿನಲ್ಲಿ ಮಾಂಟಾಗಳನ್ನು, 2016ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿ ಉಳಿದ ಮೊಬುಲಾಗಳನ್ನು ತನ್ನ ಎರಡನೆಯ ಪಟ್ಟಿಗೆ ತಂದಿತು. 2025ರಲ್ಲಿ ಸಮರಕಂದದ ಸಭೆ ಇಡೀ ಬಳಗವನ್ನು ಅತ್ಯಂತ ಕಠಿಣವಾದ ಮೊದಲ ಪಟ್ಟಿಗೆ ಏರಿಸಲು ತೀರ್ಮಾನಿಸಿತು. 2022ರ ತಿದ್ದುಪಡಿಯ ಮೂಲಕ ಸೈಟಿಸ್ ಪ್ರಭೇದಗಳಿಗೆಂದೇ ನಮ್ಮ ಕಾಯಿದೆಯೊಳಗೆ ಪ್ರತ್ಯೇಕ ಅನುಸೂಚಿಯೊಂದು ತೆರೆದಿದೆ.

ಆದರೆ ಕಾಯಿದೆ ಪ್ರಭೇದದ ಹೆಸರಿನಲ್ಲಿ ಮಾತನಾಡುತ್ತದೆ, ಬಂದರಿನ ಲೆಕ್ಕ ಬಹುಕಾಲ 'ತೊರಕೆ' ಎಂಬ ಒಂದೇ ಕುಲನಾಮದಲ್ಲಿ ನಡೆದಿದೆ. ಬೇಗ ಬೆಳೆಯುವ ಚಿಕ್ಕ ತಳವಾಸಿಗಳೂ ಒಂದೇ ಮರಿ ಹೆರುವ ಮಾಂಟಾವೂ ಒಂದೇ ತಕ್ಕಡಿಯಲ್ಲಿ ತೂಗಿದಾಗ, ಚಿಕ್ಕವುಗಳ ಹೆಚ್ಚಳದ ಹಿಂದೆ ದೊಡ್ಡದರ ಇಳಿಕೆ ಮರೆಯಾಗುತ್ತದೆ. ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಬಂದರುಗಳಲ್ಲಿ ನಿಂತು ಪ್ರಭೇದವಾರು ದಾಖಲಿಸುವ ಶ್ರಮದ ಕೆಲಸ ಮಾಡುತ್ತ ಬಂದಿದ್ದಾರೆ. ಅವರ ಪಟ್ಟಿಗಳ ಪಕ್ಕದಲ್ಲಿ ಇರಬೇಕಾದ ಇನ್ನೊಂದು ಪಟ್ಟಿಯಿದೆ. ಕಾರವಾರದಿಂದ ಕಾಸರಗೋಡಿನವರೆಗೆ ಬಂದರು ಬಂದರಿನಲ್ಲಿ ಮೀನು ಹಿಡಿಯುವವರೂ, ಮೀನು ವಿಂಗಡಿಸಿ ಮಾರುವ ಹೆಂಗಸರೂ ಯಾವ ತೊರಕೆಗೆ ಯಾವ ಹೆಸರು ಹಿಡಿದು ಕರೆಯುತ್ತಾರೆ, ಮುಳ್ಳಿನದನ್ನೂ ಕೊಂಬಿನದನ್ನೂ ಯಾವ ಗುರುತಿನಿಂದ ಬೇರ್ಪಡಿಸುತ್ತಾರೆ, ಕೊಂಬಿನದರಲ್ಲಿಯೇ ಎಷ್ಟು ಬಗೆಯನ್ನು ಬಲ್ಲರು, ಯಾವ ತಿಂಗಳಲ್ಲಿ ಅದು ಎಷ್ಟು ದೂರದಲ್ಲಿ ನೀರಿನಿಂದ ಮೇಲಕ್ಕೆ ನೆಗೆಯುವುದನ್ನು ಕಂಡಿದ್ದಾರೆ, ತಂದೆಯ ಕಾಲದಲ್ಲಿ ಕಂಡಷ್ಟು ಈಗ ಕಾಣುತ್ತದೆಯೇ ಎಂಬ ವಿವರಗಳ ಪಟ್ಟಿ ಅದು. ಸಸ್ಯನಾಮ, ಗೋತಳಿ, ಧಾನ್ಯತಳಿಗಳ ಬಗ್ಗೆ ಕನ್ನಡ ಜಾನಪದ ಸಂಶೋಧನೆ ಇಂತಹ ಕ್ಷೇತ್ರಕಾರ್ಯ ನಡೆಸಿದ ಅನುಭವ ಹೊಂದಿದೆ. ಮಂಗಳೂರು, ಮಲ್ಪೆ, ಗಂಗೊಳ್ಳಿ, ಹೊನ್ನಾವರ, ಕಾರವಾರದ ಬಂದರುಗಳಲ್ಲಿ ಆಗಸ್ಟ್ ತಿಂಗಳಿನಲ್ಲಿ ದೋಣಿಗಳು ಮತ್ತೆ ಕಡಲಿಗಿಳಿಯುವ ಹೊತ್ತಿನಿಂದ ಒಂದು ಪೂರ್ಣ ಋತುವಿನವರೆಗೆ, ಮೀನು ಇಳಿಸುವ ಕಟ್ಟೆಯ ಮೇಲೆಯೇ ಈ ಸಂಗ್ರಹ ನಡೆಯಬೇಕು; ಏಕೆಂದರೆ ಹೆಸರು ಹೇಳುವವರ ಮುಂದೆ ಮೀನು ಇರಬೇಕು.